ನೋವಿನ ಗುಳಿಗೆ: ಕೌಂಟರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಹುಬ್ಬಳ್ಳಿಯಲ್ಲಿ ಔಷಧಿ ಅಂಗಡಿಯ ಕೌಂಟರ್ ಹಿಂದೆ ನಿಂತು ನನಗೆ ಹದಿನೆಂಟು ವರ್ಷ ಆಯಿತು. ಬಿಪಿ ಗುಳಿಗೆ, ಶುಗರ್ ಗುಳಿಗೆ ಬಗ್ಗೆ ಜನ ಹತ್ತು ಸಲ ವಿಚಾರಿಸುತ್ತಾರೆ. ನೋವಿನ ಗುಳಿಗೆ ಬಗ್ಗೆ ಮಾತ್ರ ಯಾರಿಗೂ ಅಂಜಿಕೆ ಇಲ್ಲ. ಎಪಿಎಂಸಿಯಲ್ಲಿ ಚೀಲ ಹೊತ್ತು ಬಂದ ಹಮಾಲರು, ದಿನಕ್ಕೆ ನೂರಾರು ರೊಟ್ಟಿ ಬಡಿಯುವ ಅಕ್ಕಂದಿರು, ಕುಂದಗೋಳ, ನವಲಗುಂದದ ಕಡೆಯಿಂದ ಹತ್ತಿ ಬಿಡಿಸಿ ಬಂದವರು, "ಒಂದು ನೋವಿನ ಗುಳಿಗಿ ಕೊಡ್ರಿ" ಅಂತ ಚಿಲ್ಲರೆ ಇಟ್ಟು, ಅಲ್ಲೇ ನೀರು ಕೇಳಿ ನುಂಗಿ ಹೋಗುತ್ತಾರೆ. ಕೌಂಟರಿನಲ್ಲಿ, ಫೋನಿನಲ್ಲಿ, ಚೀಟಿಯಲ್ಲಿ ಬರೆದು ಕೇಳಿದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ನಾನು ಫಾರ್ಮಸಿಸ್ಟ್, ಡಾಕ್ಟರ್ ಅಲ್ಲ. ಎಲ್ಲಿ ಡಾಕ್ಟರ್ ಬೇಕೋ ಅಲ್ಲಿ ಹಾಗಂತಲೇ ಹೇಳಿದ್ದೇನೆ.

## ಮೊದಲು ತಿಳಿಯಬೇಕಾದವು

"ನೋವಿನ ಗುಳಿಗಿ ಅಂದ್ರ ಎಲ್ಲಾ ಒಂದೇ ಅಲ್ಲೇನ್ರಿ?"

ಅಲ್ಲ. ಅಂಗಡಿಯಲ್ಲಿ ಸಿಗುವ ನೋವಿನ ಗುಳಿಗೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಪ್ಯಾರಸಿಟಮಾಲ್. ಡೋಲೋ, ಕ್ರೋಸಿನ್, ಕಾಲ್ಪಾಲ್ ಎಲ್ಲ ಅದೇ. ಜ್ವರ ಇಳಿಸುತ್ತದೆ, ನೋವು ತಗ್ಗಿಸುತ್ತದೆ, ಆದರೆ ಬಾವು ಇಳಿಸುವ ಶಕ್ತಿ ಅದಕ್ಕೆ ಇಲ್ಲ ಅನ್ನುವಷ್ಟು ಕಡಿಮೆ.

ಇನ್ನೊಂದು ಬಾವು ಇಳಿಸುವ ಗುಳಿಗೆಗಳ ಗುಂಪು. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ನ್ಯಾಪ್ರೊಕ್ಸೆನ್, ಮೆಫೆನಾಮಿಕ್ ಆಸಿಡ್, ನಿಮೆಸುಲೈಡ್, ಎಟೋರಿಕಾಕ್ಸಿಬ್, ಆಸ್ಪಿರಿನ್ ಎಲ್ಲ ಈ ಮನೆತನದವು. ಮೈಯಲ್ಲಿ ಪೆಟ್ಟು ಬಿದ್ದ ಕಡೆ ಪ್ರೊಸ್ಟಗ್ಲ್ಯಾಂಡಿನ್ ಎಂಬ ರಾಸಾಯನಿಕ ಹುಟ್ಟಿ ನೋವು, ಬಾವು ತರುತ್ತದೆ. ಈ ಗುಳಿಗೆಗಳು ಅದು ಹುಟ್ಟುವುದನ್ನೇ ತಡೆಯುತ್ತವೆ. ಇದನ್ನು 1971ರಲ್ಲಿ ಕಂಡುಹಿಡಿದವರು ಜಾನ್ ವೇನ್ ಎಂಬ ವಿಜ್ಞಾನಿ. 1982ರಲ್ಲಿ ಅವರಿಗೆ ನೊಬೆಲ್ ಬಂತು.

ತೊಡಕು ಇರುವುದು ಇಲ್ಲೇ. ಅದೇ ಪ್ರೊಸ್ಟಗ್ಲ್ಯಾಂಡಿನ್ ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುತ್ತದೆ. ಕಿಡ್ನಿಗೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುತ್ತದೆ. ಮೊಣಕಾಲಿನಲ್ಲಿ ಮಾತ್ರ ತಡಿ, ಹೊಟ್ಟೆ ಮುಟ್ಟಬೇಡ ಅಂತ ಗುಳಿಗೆಗೆ ಹೇಳೋಕಾಗಲ್ಲ ಅಲ್ವಾ? ಮುಂದಿನ ಹೆಚ್ಚಿನ ಉತ್ತರಗಳ ಬೇರು ಇದೇ.

"ಯಾವುದರಾಗ ಏನೈತಿ ಅಂತ ನಮಗ ಹೆಂಗ ಗೊತ್ತಾಗಬೇಕು?"

ದೊಡ್ಡ ಅಕ್ಷರದ ಕಂಪನಿ ಹೆಸರು ಬಿಡಿ. ಒಳಗಿನ ಔಷಧಿಯ ಹೆಸರು ಸಣ್ಣ ಅಕ್ಷರದಲ್ಲಿ ಇರುತ್ತದೆ, ಪಕ್ಕದಲ್ಲಿ ಎಷ್ಟು ಮಿಲಿಗ್ರಾಂ ಅಂತಲೂ ಇರುತ್ತದೆ. ಕಾಂಬಿಫ್ಲಾಮ್ ಗುಳಿಗೆಯಲ್ಲಿ ಐಬುಪ್ರೊಫೆನ್ 400, ಪ್ಯಾರಸಿಟಮಾಲ್ 325 ಮಿಲಿಗ್ರಾಂ ಇದೆ. ಝೀರೋಡಾಲ್-ಪಿ ಅಂದರೆ ಅಸೆಕ್ಲೋಫೆನಾಕ್ 100, ಪ್ಯಾರಸಿಟಮಾಲ್ 325. ವೋವೆರಾನ್ ಅಂದರೆ ಡೈಕ್ಲೋಫೆನಾಕ್. ಹೆಸರು ಮೂರು, ಬಣ್ಣ ಮೂರು. ಆದರೆ ಮೂರರಲ್ಲೂ ಅದೇ ಮನೆತನದ ಗುಳಿಗೆ ಇದೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಅಂತ ಬೇರೆ ಬೇರೆ ಹೆಸರಿನವು ತಗೊಂಡರೆ ಹೊಟ್ಟೆಗೆ ಪೆಟ್ಟು ಕೂಡುತ್ತಾ ಹೋಗುತ್ತದೆ, ನೋವು ಮಾತ್ರ ಅಷ್ಟು ಜಾಸ್ತಿ ಇಳಿಯುವುದಿಲ್ಲ. ಒಂದು ಹೊತ್ತಿಗೆ ಈ ಗುಂಪಿನ ಒಂದೇ ಔಷಧಿ.

ಪಟ್ಟಿಯಿಂದ ಎರಡು ಗುಳಿಗೆ ಕತ್ತರಿಸಿ ಕೊಟ್ಟಾಗ ಹೆಸರು ಒಂದು ತುಂಡಿಗೆ, ಅವಧಿ ಇನ್ನೊಂದು ತುಂಡಿಗೆ ಹೋಗಿಬಿಡುತ್ತದೆ. "ಇದರ ಹೆಸರು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡ್ರಿ" ಅಂತ ಅಂಗಡಿಯವರನ್ನು ಕೇಳಿ. ಸಂಕೋಚ ಬೇಡ, ಅದು ನಮ್ಮ ಕೆಲಸ.

"ಚೀಟಿ ಇಲ್ಲದನ ಕೊಡ್ತೀರಲ್ಲ, ಅಂದ್ರ ಅದರಿಂದ ಏನೂ ಆಗಂಗಿಲ್ಲ ಅಂತ ಅರ್ಥ ಅಲ್ಲೇನು?"

ಪಟ್ಟಿಯ ಮೇಲೆ ಕೆಂಪು ಗೆರೆ ಇದೆಯಾ ನೋಡಿ. ಇದ್ದರೆ ಅದು ಡಾಕ್ಟರ್ ಚೀಟಿಯ ಮೇಲೆ ಮಾತ್ರ ಕೊಡಬೇಕಾದ ಔಷಧಿ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಮೂರೂ ನಮ್ಮ ದೇಶದಲ್ಲಿ ಶೆಡ್ಯೂಲ್ ಎಚ್ ಪಟ್ಟಿಯಲ್ಲಿವೆ. ಊರ ತುಂಬ ಚೀಟಿ ಇಲ್ಲದೆ ಸಿಗುತ್ತವೆ ಅನ್ನುವುದು ನಿಜ. ಸಿಗುತ್ತದೆ ಅನ್ನುವುದಕ್ಕೂ ಸುರಕ್ಷಿತ ಅನ್ನುವುದಕ್ಕೂ ಸಂಬಂಧ ಇಲ್ಲ.

"ಒಂದು ಸಲಕ್ಕ ಎಷ್ಟು, ದಿನಕ್ಕ ಎಷ್ಟು, ಎಷ್ಟು ದಿನ?"

ಬೇರೆ ಯಾವ ಕಾಯಿಲೆಯೂ ಇಲ್ಲದ ದೊಡ್ಡವರಿಗೆ ಐಬುಪ್ರೊಫೆನ್ ಸಲಕ್ಕೆ 200ರಿಂದ 400 ಮಿಲಿಗ್ರಾಂ, ಎರಡು ಸಲದ ನಡುವೆ ಆರರಿಂದ ಎಂಟು ತಾಸು ಅಂತರ. ತಾವಾಗಿಯೇ ತಗೊಳ್ಳುವವರು ದಿನಕ್ಕೆ 1200 ದಾಟಬಾರದು. ಪ್ಯಾರಸಿಟಮಾಲ್ ಆದರೆ ಸಲಕ್ಕೆ 500 ಅಥವಾ 650, ಆರು ತಾಸಿಗೊಮ್ಮೆ. ಆರೋಗ್ಯವಂತರಿಗೂ ದಿನಕ್ಕೆ 4 ಗ್ರಾಂ ಕೊನೆಯ ಗಡಿ. ತೂಕ 50 ಕೆಜಿಗಿಂತ ಕಡಿಮೆ ಇರುವವರು, ಲಿವರ್ ತೊಂದರೆ ಇರುವವರು, ದಿನಾ ಕುಡಿಯುವವರು ಅದಕ್ಕಿಂತ ತುಂಬ ಕೆಳಗೇ ನಿಲ್ಲಬೇಕು. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಲೆಕ್ಕ ನಾನು ಇಲ್ಲಿ ಬರೆಯುವುದಿಲ್ಲ. ಅದು ಡಾಕ್ಟರ್ ಹೇಳಬೇಕಾದ್ದು.

ದಿನ ಎಷ್ಟು? ಜ್ವರಕ್ಕೆ ಮೂರು ದಿನ, ನೋವಿಗೆ ಹೆಚ್ಚೆಂದರೆ ಹತ್ತು ದಿನ ಅಂತ ಗುಳಿಗೆ ಡಬ್ಬಿಗಳ ಮೇಲೆ ಹೊರದೇಶಗಳಲ್ಲಿ ಬರೆದಿರುತ್ತದೆ. ನಾನು ನನ್ನ ಗಿರಾಕಿಗಳಿಗೆ ನೋವಿಗೂ ಮೂರೇ ದಿನ ಅನ್ನುತ್ತೇನೆ. ಮೂರು ದಿನದಲ್ಲಿ ಬಗ್ಗದ ನೋವಿಗೆ ಬೇಕಿರುವುದು ಬೇರೆ ಗುಳಿಗೆ ಅಲ್ಲ, ಅದರ ಕಾರಣವೇ ಬೇರೆ ಇರಬಹುದು.

## ಹೊಟ್ಟೆಯ ಮಾತು

"ಊಟ ಮಾಡಿ ತೊಗೊಂಡ್ರ ಹೊಟ್ಟಿಗೆ ಏನೂ ಆಗಂಗಿಲ್ಲ, ಹೌದಲ್ರಿ?"

ಊಟ ಆದ ಮೇಲೆ ತಗೊಂಡರೆ ಉರಿ, ಸಂಕಟ ಕಡಿಮೆ ಆಗುತ್ತದೆ. ಹಾಗಾಗಿ ಊಟದ ಮೇಲೆ, ತುಂಬಿದ ಲೋಟ ನೀರಿನ ಜೊತೆಗೇ ತಗೊಳ್ಳಿ. ಆದರೆ ಹುಣ್ಣು ಆಗುವುದು ಗುಳಿಗೆ ಹೊಟ್ಟೆಯ ಗೋಡೆಗೆ ತಾಗುವುದರಿಂದ ಮಾತ್ರ ಅಲ್ಲ. ಅದು ರಕ್ತಕ್ಕೆ ಸೇರಿ, ಹೊಟ್ಟೆಯನ್ನು ಕಾಯುವ ಪದರ ತಯಾರಾಗುವುದನ್ನೇ ತಡೆಯುತ್ತದೆ. ಎರಡು ಜೋಳದ ರೊಟ್ಟಿ, ಪಲ್ಯ ಉಂಡಿದ್ದರೂ ಆ ಭಾಗ ಬದಲಾಗುವುದಿಲ್ಲ. ಶ್ರಾವಣ ಸೋಮವಾರದ ಉಪವಾಸದ ದಿನ, ರೋಜಾ ಇರುವ ದಿನ ಖಾಲಿ ಹೊಟ್ಟೆಯಲ್ಲಿ ತಗೊಳ್ಳಲೇಬೇಡಿ. ಅವತ್ತು ಮೈಯಲ್ಲಿ ನೀರೂ ಕಡಿಮೆ ಇರುತ್ತದೆ, ಕಿಡ್ನಿಗೂ ಕಷ್ಟ.

ಹೊಟ್ಟೆಗೆ ಅಪಾಯ ಜಾಸ್ತಿ ಇರುವವರು ಇವರು: 65 ದಾಟಿದವರು, ಮೊದಲು ಹುಣ್ಣು ಆಗಿದ್ದವರು, ಸ್ಟೀರಾಯ್ಡ್ ತಗೊಳ್ಳುವವರು, ರಕ್ತ ತೆಳು ಮಾಡುವ ಗುಳಿಗೆಯವರು, ಕುಡಿಯುವವರು.

"ಪ್ಯಾನ್-ಡಿ ಜೊತಿಗೆ ತೊಗೊಂಡ್ರ ಮುಗೀತಲ್ಲ? ಗ್ಯಾಸ್ ಆಗಲ್ಲ"

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಇರುವ ಗುಳಿಗೆ ಹೊಟ್ಟೆಯ ಆಮ್ಲ ತಗ್ಗಿಸುತ್ತದೆ. ಹುಣ್ಣಿನ ಅಪಾಯ ನಿಜವಾಗಿಯೂ ಕಡಿಮೆ ಆಗುತ್ತದೆ, ಅದಕ್ಕೇ ಡಾಕ್ಟರ್ ವಯಸ್ಸಾದವರಿಗೆ ಎರಡನ್ನೂ ಸೇರಿಸಿ ಬರೆಯುತ್ತಾರೆ. ಆದರೆ ಅದು ಕಾಯುವುದು ಹೊಟ್ಟೆ ಮತ್ತು ಅದಕ್ಕೆ ತಗುಲಿದ ಕರುಳಿನ ಮೊದಲ ತುಂಡನ್ನು ಮಾತ್ರ. ಕೆಳಗಿನ ಕರುಳಿಗೆ, ಕಿಡ್ನಿಗೆ, ಹೃದಯಕ್ಕೆ ಅದು ಏನೂ ಮಾಡುವುದಿಲ್ಲ. ಗ್ಯಾಸಿನ ಗುಳಿಗೆ ಇದೆ ಅನ್ನುವ ಧೈರ್ಯದಲ್ಲಿ ನೋವಿನ ಗುಳಿಗೆ ತಿಂಗಳುಗಟ್ಟಲೆ ಮುಂದುವರಿಸುವವರನ್ನು ನೋಡಿದಾಗ ನನಗೆ ಸಂಕಟ ಆಗುತ್ತದೆ.

"ಸಂಡಾಸ ಕರ್ರಗ ಆಗಾಕತ್ತೈತಿ, ಉಷ್ಣ ಆಗಿರಬಹುದೇನು?"

ಬ್ಯಾಡಗಿಯ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದ ಒಬ್ಬ ಅಮ್ಮ ಮಗಳ ಮನೆಗೆ ಬಂದಿದ್ದರು. ಅಂಗಡಿಗೆ ಬಂದು ಇದೇ ಪ್ರಶ್ನೆ ಕೇಳಿದರು. ಮುಖ ಬಿಳಿಚಿಕೊಂಡಿತ್ತು. ಎರಡು ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು. ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿ ಅಂದೆ, ಒಳಗೆ ಕೆಂಪೇ ಇರಲಿಲ್ಲ. ಟೊಂಕ ನೋವಿಗೆ ಅಂತ ನಾಲ್ಕು ತಿಂಗಳಿಂದ ದಿನಾ ಎರಡು ಡೈಕ್ಲೋಫೆನಾಕ್. ಉಷ್ಣ ಅಂದುಕೊಂಡು ಸಬ್ಜಾ ಬೀಜ ನೆನೆಸಿ ಕುಡಿಯುತ್ತಿದ್ದರು. ಆಟೋ ಕರೆದು ಮಗಳ ಜೊತೆ ದವಾಖಾನೆಗೆ ಕಳಿಸಿದೆ. ಹೊಟ್ಟೆಯಲ್ಲಿ ಹುಣ್ಣು ಒಸರುತ್ತಿತ್ತು. ಮೂರು ಬಾಟಲಿ ರಕ್ತ ಹಾಕಿದರು, ಅಮ್ಮ ಉಳಿದರು.

ಡಾಂಬರಿನ ಹಾಗೆ ಕಪ್ಪಾಗಿ, ಅಂಟಂಟಾಗಿ, ಕೆಟ್ಟ ವಾಸನೆಯ ಸಂಡಾಸ ಅಂದರೆ ಹೊಟ್ಟೆಯಲ್ಲಿ ರಕ್ತ ಸೋರುತ್ತಿದೆ ಅಂತ ಅನುಮಾನಿಸಬೇಕು. ವಾಂತಿಯಲ್ಲಿ ಕಾಫಿ ಪುಡಿಯಂಥದ್ದು ಬಂದರೂ ಅದೇ. ಕಬ್ಬಿಣದ ಗುಳಿಗೆ ತಗೊಳ್ಳುವವರಿಗೂ ಸಂಡಾಸ ಕಪ್ಪಾಗುತ್ತದೆ, ಆದರೆ ಅದು ಅಷ್ಟು ಅಂಟಾಗಿ ಇರುವುದಿಲ್ಲ. ಯಾವುದು ಅಂತ ಮನೆಯಲ್ಲಿ ಕೂತು ತೀರ್ಮಾನಿಸಬೇಡಿ. ನೋವಿನ ಗುಳಿಗೆ ನಿಲ್ಲಿಸಿ, ಅವತ್ತೇ ದವಾಖಾನೆಗೆ ಹೋಗಿ. ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಇರಲಿ, ಗದಗಿನ ಜಿಮ್ಸ್ ಇರಲಿ, ಹತ್ತಿರದ ತಾಲೂಕಾ ದವಾಖಾನೆ ಇರಲಿ. ತಲೆ ಸುತ್ತಿ ಬಿದ್ದರೆ 108. ಹೊಟ್ಟೆ ನೋವೇ ಇಲ್ಲದೆಯೂ ರಕ್ತ ಸೋರಬಹುದು, ಅದರಲ್ಲೂ ವಯಸ್ಸಾದವರಲ್ಲಿ. ನೋವಿನ ಗುಳಿಗೆ ಹುಣ್ಣಿನ ನೋವನ್ನೂ ಮುಚ್ಚಿಬಿಡುತ್ತದೆ.

## ಯಾರು ಎಲ್ಲಕ್ಕಿಂತ ಹುಷಾರಾಗಿರಬೇಕು

"ನಮ್ಮಪ್ಪಗ ಬಿಪಿ, ಶುಗರ್ ಎರಡೂ ಐತ್ರಿ. ಮೈಕೈ ನೋವಿಗೆ ಯಾವ ಗುಳಿಗಿ ನಡೀತದ?"

ಮೊದಲ ಆಯ್ಕೆ ಪ್ಯಾರಸಿಟಮಾಲ್, ಅದೂ ಅಳತೆ ಮೀರದೆ. ಬಾವು ಇಳಿಸುವ ಗುಳಿಗೆ ಡಾಕ್ಟರನ್ನು ಕೇಳದೆ ಬೇಡ. ಯಾಕೆ ಅಂತ ಒಂದು ಪ್ಲಾಸ್ಟಿಕ್ ಚೀಲದ ಕಥೆಯಿಂದ ಹೇಳುತ್ತೇನೆ.

ಅಣ್ಣಿಗೇರಿ ಕಡೆಯ ಒಬ್ಬ ಹಿರಿಯರು ತಮ್ಮ ಗುಳಿಗೆಗಳನ್ನೆಲ್ಲ ಒಂದು ಸೀರೆ ಅಂಗಡಿಯ ಚೀಲದಲ್ಲಿ ತಂದು ಕೌಂಟರ್ ಮೇಲೆ ಸುರಿದರು. ಬಿಪಿಗೆ ಟೆಲ್ಮಿಸಾರ್ಟನ್ ಮತ್ತು ಮೂತ್ರ ಹೆಚ್ಚು ಮಾಡುವ ಔಷಧಿ ಸೇರಿದ ಗುಳಿಗೆ. ಶುಗರ್‌ಗೆ ಮೆಟ್‌ಫಾರ್ಮಿನ್. ಮೊಣಕಾಲಿಗೆ ಅಂತ ಒಬ್ಬರು ಬರೆದ ಅಸೆಕ್ಲೋಫೆನಾಕ್. ಟೊಂಕಕ್ಕೆ ಅಂತ ಅವರೇ ಊರಿನಲ್ಲಿ ಕೊಂಡ ಡೈಕ್ಲೋಫೆನಾಕ್. ಏಪ್ರಿಲ್ ತಿಂಗಳು, ಹೊಲದಲ್ಲಿ ಕೆಲಸ, ಕಾಲಿನಲ್ಲಿ ಬಾವು. ಆ ಬಾವಿಗೆ ಇನ್ನೊಂದು ಗುಳಿಗೆ ಕೊಡಿ ಅಂತ ಬಂದಿದ್ದರು.

ಬಿಪಿಗೆ ಕೊಡುವ ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಎನಲಾಪ್ರಿಲ್ ತರಹದವು ಒಂದು. ಮೂತ್ರ ಹೆಚ್ಚು ಮಾಡುವ ಗುಳಿಗೆ ಎರಡು. ಬಾವು ಇಳಿಸುವ ನೋವಿನ ಗುಳಿಗೆ ಮೂರು. ಈ ಮೂರೂ ಒಟ್ಟಿಗೆ ಸೇರಿದರೆ ಕಿಡ್ನಿಗೆ ಹೋಗುವ ರಕ್ತ ಮೂರು ಕಡೆಯಿಂದ ಕಟ್ಟಿಹಾಕಿದ ಹಾಗೆ. ಮೇಲೆ ಬಿಸಿಲಿಗೆ ಬೆವರು ಹರಿದು, ಅಥವಾ ಭೇದಿ ಆಗಿ, ನೀರು ಕಡಿಮೆ ಆಗಿದ್ದರೆ ಕೆಲವೇ ದಿನಗಳಲ್ಲಿ ಕಿಡ್ನಿ ಕೈ ಕೊಡಬಹುದು. ಜೊತೆಗೆ ಈ ಗುಳಿಗೆಗಳು ಮೈಯಲ್ಲಿ ಉಪ್ಪು, ನೀರು ಹಿಡಿದಿಟ್ಟು ಬಿಪಿ ಏರಿಸುತ್ತವೆ. ಬಿಪಿ ಗುಳಿಗೆ ಕೆಲಸ ಮಾಡ್ತಿಲ್ಲ ಅಂತ ಡೋಸ್ ಹೆಚ್ಚಿಸಿಕೊಂಡವರಲ್ಲಿ ಎಷ್ಟೋ ಸಲ ನೋವಿನ ಗುಳಿಗೆಯೇ ಕಾರಣ ಆಗಿರುತ್ತದೆ.

ಕಿಡ್ನಿ ನೋವು ಕೊಟ್ಟು ಹೇಳುವುದಿಲ್ಲ. ಗೊತ್ತಾಗುವುದು ರಕ್ತದ ಕ್ರಿಯಾಟಿನಿನ್ ಪರೀಕ್ಷೆಯಲ್ಲಿ. ಆ ಹಿರಿಯರಿಗೆ ಮಾಡಿಸಿದಾಗ ಏರಿತ್ತು. ಡಾಕ್ಟರ್ ಎರಡೂ ನೋವಿನ ಗುಳಿಗೆ ನಿಲ್ಲಿಸಿದರು, ಕೆಲವು ವಾರದಲ್ಲಿ ಇಳಿಯಿತು. ಅವರ ಅದೃಷ್ಟ ಚೆನ್ನಾಗಿತ್ತು. ಎಲ್ಲರಿಗೂ ಹಾಗೆ ಇಳಿಯುವುದಿಲ್ಲ.

"ಹಾರ್ಟಿಗೆ ಇಕೋಸ್ಪ್ರಿನ್ ತಗೊಳ್ತೀನಿ. ಅದೂ ನೋವಿನ ಗುಳಿಗೆನೇ ಅಂತಾರೆ, ಹಂಗಾದ್ರೆ ಬ್ರೂಫೆನ್ ಜೊತೆಗೆ ತಗೋಬಹುದಾ?"

ಬೇಡ. ಇಕೋಸ್ಪ್ರಿನ್ ಅಂದರೆ ಸಣ್ಣ ಡೋಸಿನ ಆಸ್ಪಿರಿನ್. ಅದು ನಿಮಗೆ ನೋವಿಗಲ್ಲ, ರಕ್ತ ಹೆಪ್ಪುಗಟ್ಟದಿರಲಿ ಅಂತ. ಬ್ರೂಫೆನ್ ಅಂದರೆ ಐಬುಪ್ರೊಫೆನ್, ಅದು ಮೊದಲೇ ಹೋಗಿ ಆಸ್ಪಿರಿನ್ ಕೂರುವ ಜಾಗ ಹಿಡಿದು ಕೂತರೆ ಆಸ್ಪಿರಿನ್‌ಗೆ ಕೆಲಸ ಮಾಡಲು ಜಾಗವೇ ಸಿಗುವುದಿಲ್ಲ. ಹೃದಯದ ರಕ್ಷಣೆ ಕಡಿಮೆ, ಹೊಟ್ಟೆಯ ಅಪಾಯ ಜಾಸ್ತಿ. ನೋವಿಗೆ ಪ್ಯಾರಸಿಟಮಾಲ್ ತಗೊಳ್ಳಿ, ಇಕೋಸ್ಪ್ರಿನ್ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ಹಲ್ಲು ಕೀಳಿಸುವಾಗಲೂ ಡಾಕ್ಟರ್ ಕೇಳಿಯೇ.

ಆಸ್ಪಿರಿನ್ ಬಿಟ್ಟು ಈ ಗುಂಪಿನ ಉಳಿದ ಗುಳಿಗೆಗಳು ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತವೆ. ರೋಫೆಕಾಕ್ಸಿಬ್ ಎಂಬ ಗುಳಿಗೆಯನ್ನು 2004ರಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆದದ್ದು ಇದಕ್ಕೇ. 2015ರಲ್ಲಿ ಅಮೆರಿಕದ ಔಷಧಿ ಇಲಾಖೆ ಎಚ್ಚರಿಕೆಯನ್ನು ಇನ್ನೂ ಗಟ್ಟಿ ಮಾಡಿ, ಮೊದಲ ಕೆಲವು ವಾರಗಳಲ್ಲೇ ಅಪಾಯ ಶುರುವಾಗಬಹುದು ಅಂದಿತು. ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಆದವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಎದೆ ಹಿಂಡಿದ ಹಾಗೆ, ಎಡಗೈ, ದವಡೆ, ಹೆಗಲಿಗೆ ಹರಡುವ ನೋವು ಬಂದಾಗ ನೋವಿನ ಗುಳಿಗೆ ಕೇಳಿಕೊಂಡು ಅಂಗಡಿಗೆ ಬರಬೇಡಿ. 108ಕ್ಕೆ ಫೋನ್ ಮಾಡಿ.

"ಬಸಿರಿ ಇದ್ದಾಗ ಟೊಂಕ ನೋವಿಗೆ ಏನು ತೊಗೋಬೇಕು?"

ಪ್ಯಾರಸಿಟಮಾಲ್, ಅದೂ ನಿಮ್ಮ ಡಾಕ್ಟರನ್ನು ಕೇಳಿ, ಬೇಕಾದಾಗ ಮಾತ್ರ. ಬಾವು ಇಳಿಸುವ ಗುಳಿಗೆ ಐದು ತಿಂಗಳು ತುಂಬುವ ಹೊತ್ತಿಗೆ, ಅಂದರೆ 20 ವಾರದ ನಂತರ ತಗೊಂಡರೆ ಹೊಟ್ಟೆಯೊಳಗಿನ ಕೂಸಿನ ಕಿಡ್ನಿಗೆ ತೊಂದರೆ ಆಗಿ ಸುತ್ತಲಿನ ನೀರು ಕಡಿಮೆ ಆಗಬಹುದು. 30 ವಾರದ ನಂತರ ಕೂಸಿನ ಹೃದಯದ ಹತ್ತಿರದ ಒಂದು ರಕ್ತನಾಳ ಹೊತ್ತಿಗೆ ಮುಂಚೆ ಮುಚ್ಚಬಹುದು. ಡಾಕ್ಟರೇ ಸಣ್ಣ ಆಸ್ಪಿರಿನ್ ಬರೆದಿದ್ದರೆ ಅದು ಬೇರೆ ಲೆಕ್ಕ, ನಿಲ್ಲಿಸಬೇಡಿ.

"ತಿಂಗಳ ನೋವಿಗೆ ಮೆಫ್ಟಾಲ್ ತಗೊಳ್ತೀನಿ. ಅಭ್ಯಾಸ ಆಗಿಬಿಡುತ್ತಾ?"

ಚಟ ಹತ್ತುವುದಿಲ್ಲ. ಮೆಫ್ಟಾಲ್ ಅಂದರೆ ಮೆಫೆನಾಮಿಕ್ ಆಸಿಡ್. ಮುಟ್ಟಿನ ನೋವು ಹುಟ್ಟುವುದೇ ಪ್ರೊಸ್ಟಗ್ಲ್ಯಾಂಡಿನ್‌ನಿಂದ, ಹಾಗಾಗಿ ಈ ಗುಂಪಿನ ಗುಳಿಗೆ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆರೋಗ್ಯವಂತ ಹುಡುಗಿ ತಿಂಗಳಿಗೆ ಎರಡು ಮೂರು ದಿನ, ಊಟದ ಮೇಲೆ ತಗೊಂಡರೆ ಹೆದರಬೇಕಿಲ್ಲ. ಸುಮ್ನೆ ನೋವು ಸಹಿಸಿಕೊಂಡು ಕೂತಿರು ಅಂತ ಹೇಳುವ ಹಿರಿಯರ ಮಾತಿಗೆ ನನ್ನ ಒಪ್ಪಿಗೆ ಇಲ್ಲ.

ಒಂದು ಎಚ್ಚರಿಕೆ. 2023ರ ಕೊನೆಗೆ ಭಾರತದ ಔಷಧ ಸುರಕ್ಷತೆಯ ವಿಭಾಗ ಮೆಫೆನಾಮಿಕ್ ಆಸಿಡ್ ಬಗ್ಗೆ ಸೂಚನೆ ಹೊರಡಿಸಿತು. ಅಪರೂಪಕ್ಕೆ ಕೆಲವರಿಗೆ ಗುಳಿಗೆ ಶುರು ಮಾಡಿದ ಕೆಲವು ವಾರದಲ್ಲಿ ಜ್ವರ, ಮೈತುಂಬ ಗಂದೆ, ಗಂಟಲ ಪಕ್ಕ ಗಡ್ಡೆ ಏಳಬಹುದು. ಹಾಗಾದರೆ ಗುಳಿಗೆ ಬಿಟ್ಟು ತಕ್ಷಣ ತೋರಿಸಿ. ಗುಳಿಗೆಗೂ ಬಗ್ಗದ, ತಿಂಗಳು ತಿಂಗಳು ಜಾಸ್ತಿ ಆಗುವ ನೋವಾದರೆ ಸ್ತ್ರೀರೋಗದ ಡಾಕ್ಟರ್ ಹತ್ತಿರ ಹೋಗಲೇಬೇಕು.

"ಜ್ವರ ಬಂದೈತಿ, ಮೈಯೆಲ್ಲ ಮುರದಂಗ ಆಗೈತಿ. ಎರಡಕ್ಕೂ ಆಗುವಂಥಾ ಜೋರು ಗುಳಿಗಿ ಕೊಡ್ರಿ"

ಮಳೆಗಾಲ ಶುರುವಾದ ಮೇಲೆ ಈ ಮಾತು ಕೇಳಿದರೆ ನಾನು ಪ್ಯಾರಸಿಟಮಾಲ್ ಬಿಟ್ಟು ಬೇರೆ ಕೊಡುವುದಿಲ್ಲ. ಡೆಂಗಿ ಆಗಿದ್ದರೆ ಪ್ಲೇಟ್‌ಲೆಟ್ ಇಳಿಯುತ್ತಿರುತ್ತವೆ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಉಳಿದ ಪ್ಲೇಟ್‌ಲೆಟ್‌ಗಳ ಕೆಲಸವನ್ನೂ ಕೆಡಿಸಿ ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ. ನಮ್ಮ ರಾಜ್ಯದಲ್ಲಿ ಡೆಂಗಿ ಎಷ್ಟು ಹೆಚ್ಚಿತು ಅಂದರೆ 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಡೆಂಗಿ ಅಲ್ಲ ಅಂತ ಗೊತ್ತಾಗುವವರೆಗೆ ಬಾವಿನ ಗುಳಿಗೆಯೂ ಬೇಡ, ನೋವಿನ ಸೂಜಿಯೂ ಬೇಡ.

"ದೊಡ್ಡವರ ಗುಳಿಗೆ ಅರ್ಧ ಮಾಡಿ ಹುಡುಗರಿಗೆ ಕೊಡಬಹುದಾ?"

ಬೇಡ. ಮಕ್ಕಳ ಲೆಕ್ಕ ತೂಕದ ಮೇಲೆ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ಭಾರತ 2011ರಲ್ಲೇ ನಿಷೇಧಿಸಿದೆ. ಆಸ್ಪಿರಿನ್ ಕೂಡ ಮಕ್ಕಳಿಗೆ ಬೇಡ, ವೈರಲ್ ಜ್ವರದಲ್ಲಿ ಕೊಟ್ಟರೆ ಮಿದುಳು, ಲಿವರ್ ಕೆಡಿಸುವ ಅಪರೂಪದ ಕಾಯಿಲೆ ಬರಬಹುದು. ಪ್ಯಾರಸಿಟಮಾಲ್ ಕೊಡುವಾಗಲೂ ಬಾಟಲಿ ನೋಡಿ. ಹನಿ ಔಷಧಿಯ 1 ಎಂಎಲ್‌ನಲ್ಲಿ 100 ಮಿಲಿಗ್ರಾಂ ಇರುತ್ತದೆ. ಸಿರಪ್‌ನ 5 ಎಂಎಲ್‌ನಲ್ಲಿ 120, 125 ಅಥವಾ 250. ಸಿರಪ್ ಅಂದುಕೊಂಡು ಹನಿ ಔಷಧಿಯನ್ನು ಒಂದು ಚಮಚ ಕುಡಿಸಿದರೆ ಎಷ್ಟಾಯಿತು ನೋಡಿ. ಬಾಟಲಿ ಬದಲಾದರೆ ಅಳತೆ ಮತ್ತೆ ಕೇಳಿ.

"ದಮ್ಮು ಇದ್ದವರಿಗೆ ನಡೀತದೇನು?"

ಕೆಲವು ಅಸ್ತಮಾ ರೋಗಿಗಳಿಗೆ ಈ ಗುಂಪಿನ ಒಂದು ಗುಳಿಗೆ ಸಾಕು, ಅರ್ಧ ತಾಸಿನಿಂದ ಒಂದೆರಡು ತಾಸಿನೊಳಗೆ ಉಸಿರು ಕಟ್ಟುತ್ತದೆ. ಮೂಗಿನಲ್ಲಿ ದುರ್ಮಾಂಸ ಇರುವವರಿಗೆ ಅಪಾಯ ಇನ್ನೂ ಜಾಸ್ತಿ. ಒಮ್ಮೆ ಒಂದರಿಂದ ಹಾಗೆ ಆಗಿದ್ದರೆ ಗುಂಪಿನ ಯಾವುದೂ ಬೇಡ. ಮೊದಲು ತಗೊಂಡು ಏನೂ ಆಗಿಲ್ಲದವರೂ ಡಾಕ್ಟರಿಗೆ ಹೇಳಿಯೇ ತಗೊಳ್ಳಿ.

## ನಮ್ಮ ಕಡೆಯ ರೂಢಿಗಳು

"ಗುಳಿಗಿಗಿಂತ ಸೂಜಿ ಛಲೋ ಅಲ್ರಿ? ಹೊಟ್ಟಿಗೆ ಹೋಗಂಗಿಲ್ಲ"

ಸೂಜಿಯ ಔಷಧಿಯೂ ರಕ್ತಕ್ಕೇ ಹೋಗುತ್ತದೆ, ರಕ್ತದಿಂದ ಹೊಟ್ಟೆಗೂ ಕಿಡ್ನಿಗೂ ಹೋಗುತ್ತದೆ. ಅಪಾಯ ಗುಳಿಗೆಯಷ್ಟೇ ಇದೆ. ಮೇಲೆ ಚುಚ್ಚಿದ ಜಾಗದಲ್ಲಿ ಕೀವು ಆಗಬಹುದು, ನರಕ್ಕೆ ಪೆಟ್ಟಾಗಬಹುದು. ಕಿಡ್ನಿ ಕಲ್ಲಿನ ನೋವಿನಂಥ ಸಮಯಕ್ಕೆ ದವಾಖಾನೆಯಲ್ಲಿ ಸೂಜಿ ಬೇಕಾಗುತ್ತದೆ. ಬಿತ್ತನೆ ಮುಗಿಸಿ ಮೈ ನೋಯುತ್ತದೆ ಅಂತ ಮಾಡಿಸಿಕೊಳ್ಳುವುದಕ್ಕಲ್ಲ.

"ಊರಾಗ ಕಾಗದದಾಗ ಮೂರು ಗುಳಿಗಿ ಕಟ್ಟಿ ಕೊಡ್ತಾರ. ಎರಡ ದಿನಕ್ಕ ಎದ್ದು ಓಡ್ಯಾಡತೀನಿ. ಅಂಥಾದ್ದ ಕೊಡ್ರಿ"

ಈ ಪುಡಿಕೆ ನನ್ನ ಕೌಂಟರಿಗೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಪೇಪರ್ ತುಂಡು ಬಿಚ್ಚಿದರೆ ಒಂದು ಹಳದಿ ಗುಳಿಗೆ, ಒಂದು ಗುಲಾಬಿ, ಒಂದು ಸಣ್ಣ ಬಿಳಿ. ಹೆಸರಿಲ್ಲ, ಅವಧಿ ಇಲ್ಲ. ಆ ಸಣ್ಣ ಬಿಳಿ ಗುಳಿಗೆ ನೋಡಿದರೆ ನನಗೆ ಭಯ. ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್ ತರಹದ ಸ್ಟೀರಾಯ್ಡ್ ಆಗಿರುವ ಸಾಧ್ಯತೆ ಇರುತ್ತದೆ. ಸ್ಟೀರಾಯ್ಡ್ ಒಳ್ಳೆಯ ಔಷಧಿಯೇ, ಡಾಕ್ಟರ್ ಲೆಕ್ಕ ಹಾಕಿ ಕೊಟ್ಟರೆ ಜೀವ ಉಳಿಸುತ್ತದೆ. ಯಾರಿಗೂ ಹೇಳದೆ ನೋವಿನ ಗುಳಿಗೆ ಜೊತೆ ಕಟ್ಟಿಕೊಟ್ಟರೆ ಹೊಟ್ಟೆಯ ಹುಣ್ಣಿನ ಅಪಾಯ ಬಹಳ ಏರುತ್ತದೆ. ಶುಗರ್ ಏರುತ್ತದೆ, ಎಲುಬು ಸವೆಯುತ್ತದೆ, ಮುಖ ಉಬ್ಬುತ್ತದೆ. "ಮೈಗೆ ಹತ್ತೇತಿ ನೋಡ್ರಿ" ಅಂತ ಆ ಉಬ್ಬಿದ ಮುಖ ನೋಡಿ ಖುಷಿ ಪಡುವ ಮನೆಯವರನ್ನು ಕಂಡಿದ್ದೇನೆ.

ತಿಂಗಳುಗಟ್ಟಲೆ ತಗೊಂಡಿದ್ದರೆ ಒಮ್ಮೆಲೇ ಬಿಡಲೂಬೇಡಿ. ಮೈ ತನ್ನ ಸ್ವಂತ ಸ್ಟೀರಾಯ್ಡ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ, ಏಕಾಏಕಿ ಬಿಟ್ಟರೆ ಬಿಪಿ ಕುಸಿದು ಬೀಳಬಹುದು. ಉಳಿದ ಪುಡಿಕೆ ಎತ್ತಿಕೊಂಡು ಡಾಕ್ಟರ್ ಹತ್ತಿರ ಹೋಗಿ. "ವಾತಕ್ಕೆ ನಾಟಿ ಪುಡಿ" ಅಂತ ಕೊಡುವುದರಿಂದ ಒಂದೇ ದಿನಕ್ಕೆ ನೋವು ಮಾಯವಾದರೆ ಅದರ ಮೇಲೂ ಇದೇ ಅನುಮಾನ ಇಡಿ.

"ಹಚ್ಚಿಕೊಳ್ಳುವ ಜೆಲ್ ಆದ್ರೆ ಸುರಕ್ಷಿತವಾ?"

ಬಹಳ ಮಟ್ಟಿಗೆ ಹೌದು. ಡೈಕ್ಲೋಫೆನಾಕ್ ಜೆಲ್ ಹಚ್ಚಿದಾಗ ರಕ್ತಕ್ಕೆ ಸೇರುವುದು ಗುಳಿಗೆಗೆ ಹೋಲಿಸಿದರೆ ಸುಮಾರು 6 ಶೇಕಡ. ಮೊಣಕಾಲು, ಕೈಬೆರಳು, ಮಣಿಕಟ್ಟಿನಂತೆ ಚರ್ಮದ ಹತ್ತಿರ ಇರುವ ಕೀಲುಗಳಿಗೆ ಒಳ್ಳೆಯದು. ರೊಟ್ಟಿ ಬಡಿದು ಮಣಿಕಟ್ಟು ಹಿಡಿದುಕೊಂಡವರಿಗೆ ನಾನು ಮೊದಲು ಹೇಳುವುದು ಇದನ್ನೇ. ಟೊಂಕದ ಆಳದ ನೋವಿಗೆ ಅಷ್ಟು ಮುಟ್ಟುವುದಿಲ್ಲ.

ಗಾಯದ ಮೇಲೆ ಹಚ್ಚಬೇಡಿ. ಹಚ್ಚಿದ ಮೇಲೆ ಬಿಸಿ ಶಾಖ ಕೊಡಬೇಡಿ, ಬಿಗಿಯಾಗಿ ಸುತ್ತಬೇಡಿ. ಕೈ ತೊಳೆಯದೆ ಕಣ್ಣು ಮುಟ್ಟಬೇಡಿ. ಖಾರದ ಕೈ ಕಣ್ಣಿಗೆ ತಾಗಿದ ಹಾಗೆಯೇ ಉರಿಯುತ್ತದೆ. ಅಂಗಡಿಯ ಬಹಳಷ್ಟು ಬಾಮ್‌ಗಳಲ್ಲಿ ಡೈಕ್ಲೋಫೆನಾಕ್ ಇರುವುದಿಲ್ಲ, ಮೆಂಥಾಲ್, ಗಂಧಪೂರದ ಎಣ್ಣೆ ಇರುತ್ತವೆ. ಅವು ತಂಪು, ಬಿಸಿ ಅನಿಸಿ ನೋವು ಮರೆಸುತ್ತವೆ. ರಕ್ತ ತೆಳು ಮಾಡುವ ಗುಳಿಗೆಯವರು ಗಂಧಪೂರದ ಎಣ್ಣೆಯನ್ನೂ ಮೈತುಂಬ ಬಳಿದುಕೊಳ್ಳಬಾರದು.

"ನಮ್ಮವ್ವಗ ಮೊಣಕಾಲ ನೋವು. ದಿನಾ ಒಂದು ಗುಳಿಗಿ ಇಲ್ಲದ ಏಳಂಗಿಲ್ಲ. ಏನು ಮಾಡೂಣ್ರಿ?"

ವಯಸ್ಸಿಗೆ ಸವೆದ ಮೊಣಕಾಲಾದರೆ ಗುಳಿಗೆ ನೋವು ಮುಚ್ಚುತ್ತದೆ, ಸವೆತ ನಿಲ್ಲಿಸುವುದಿಲ್ಲ. ಮೊದಲು ಜೆಲ್. ಜೊತೆಗೆ ತೊಡೆಯ ಮುಂಭಾಗದ ಸ್ನಾಯು ಗಟ್ಟಿ ಮಾಡಬೇಕು. ಅವ್ವ ಕುರ್ಚಿಯಲ್ಲಿ ಕೂತು ಒಂದು ಕಾಲು ನೇರ ಮಾಡಿ ಐದು ಎಣಿಸುವವರೆಗೆ ಹಿಡಿದು ಇಳಿಸಲಿ. ಒಂದೊಂದು ಕಾಲಿಗೆ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ರೊಟ್ಟಿಯ ಒಲೆ ನೆಲದಿಂದ ಕಟ್ಟೆಯ ಮೇಲೆ ಬರಲಿ. ಸಂಡಾಸಕ್ಕೆ ಕುರ್ಚಿ ಇಡಿ. ತೂಕ ನಾಲ್ಕೈದು ಕೆಜಿ ಇಳಿದರೂ ಮೊಣಕಾಲಿಗೆ ಗೊತ್ತಾಗುತ್ತದೆ. ಇಷ್ಟು ಮಾಡಿದ ಮೇಲೆ ಗುಳಿಗೆ ಜಾತ್ರೆ, ಮದುವೆಯಂಥ ಓಡಾಟದ ದಿನಕ್ಕೆ ಸಾಕಾಗುತ್ತದೆ.

ಬೆಳಿಗ್ಗೆ ಎದ್ದಾಗ ಬೆರಳುಗಳು ಅರ್ಧ, ಒಂದು ತಾಸು ಬಿಗಿದುಕೊಂಡಿದ್ದರೆ, ಎರಡೂ ಕೈಯ ಸಣ್ಣ ಕೀಲು ಬಾತಿದ್ದರೆ ಅದು ಸವೆತ ಅಲ್ಲದೆ ಬೇರೆ ಕೀಲುರೋಗ ಇರಬಹುದು. ಬೇಗ ತೋರಿಸಿ, ಅದಕ್ಕೆ ಬೇರೆಯೇ ಔಷಧಿ ಇದೆ.

"ದಿನಾ ತಲೆನೋವು, ದಿನಾ ಗುಳಿಗೆ. ಗುಳಿಗೆ ಬಿಟ್ರೆ ಇನ್ನೂ ಜಾಸ್ತಿ ಆಗುತ್ತೆ"

ಗುಳಿಗೆಯೇ ತಲೆನೋವು ತರುತ್ತಿರಬಹುದು. ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಜಾಸ್ತಿ ಸಾದಾ ನೋವಿನ ಗುಳಿಗೆ, ಇಲ್ಲವೇ 10 ದಿನ ಅಥವಾ ಅದಕ್ಕಿಂತ ಜಾಸ್ತಿ ಎರಡು ಮೂರು ಔಷಧಿ ಬೆರೆಸಿದ ಗುಳಿಗೆ, ಮೂರು ತಿಂಗಳಿಗಿಂತ ಹೆಚ್ಚು ತಗೊಂಡವರಿಗೆ ಹೀಗಾಗಬಹುದು. ಬಿಟ್ಟ ಮೊದಲ ದಿನಗಳು ಕಷ್ಟ, ಆಮೇಲೆ ಇಳಿಯುತ್ತದೆ. ಒಬ್ಬರೇ ಒದ್ದಾಡಬೇಡಿ, ಡಾಕ್ಟರ್ ಸಹಾಯದಿಂದ ಬಿಡಿ. ಕನ್ನಡಕದ ನಂಬರ್, ಬಿಪಿ ಎರಡನ್ನೂ ನೋಡಿಸಿ.

## ಸ್ವಲ್ಪ ಮುಂದಿನವು

"ಬೇರೆ ಯಾವ ಗುಳಿಗೆ ತಗೊಳ್ಳೋರು ಮೊದಲೇ ಹೇಳಬೇಕು?"

ಬಿಪಿ, ಹೃದಯದ ಮಾತು ಮೇಲೆ ಆಯಿತು. ಜನ ಹೇಳಲು ಮರೆಯುವವು ಮೂರು. ಒಂದು, ಮನಸ್ಸಿನ ಕಾಯಿಲೆಯ ಗುಳಿಗೆ. ಧಾರವಾಡದ ಡಿಮ್ಹಾನ್ಸ್‌ನಲ್ಲಿ ತೋರಿಸಿಕೊಂಡು ಲಿಥಿಯಂ ತಗೊಳ್ಳುವವರು ಬಾವಿನ ಗುಳಿಗೆ ನುಂಗಿದರೆ ರಕ್ತದಲ್ಲಿ ಲಿಥಿಯಂ ಏರಿ ವಿಷ ಆಗಬಹುದು. ಎಸಿಟಲೋಪ್ರಾಂ, ಸರ್ಟ್ರಲಿನ್ ತರಹದವುಗಳ ಜೊತೆ ಹೊಟ್ಟೆಯ ರಕ್ತಸ್ರಾವದ ಅಪಾಯ ಜಾಸ್ತಿ. ನಾಚಿಕೆ ಬೇಡ, ಕೌಂಟರಿನ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿ. ಎರಡು, ಕೀಲುವಾತದಂಥ ಕಾಯಿಲೆಗೆ ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್. ಮೂರು, ವಾರ್ಫರಿನ್, ಅಸಿಟ್ರಾಂ ತರಹದ ರಕ್ತ ತೆಳು ಮಾಡುವವು.

"ವಾತಕ್ಕೆ ಡಾಕ್ಟರೇ ದಿನಾ ತಗೋ ಅಂತ ಬರೆದಿದ್ದಾರೆ. ಇದನ್ನೆಲ್ಲ ಓದಿ ಹೆದರಿಕೆ ಆಯ್ತು, ನಿಲ್ಲಿಸಿಬಿಡಲಾ?"

ನಿಲ್ಲಿಸಬೇಡಿ. ಕೆಲವು ಕೀಲುರೋಗಗಳಿಗೆ, ಬೆನ್ನೆಲುಬು ಬಿಗಿಯುವ ರೋಗಕ್ಕೆ ಈ ಗುಳಿಗೆ ಬೇಕೇ ಬೇಕು, ಅದಿಲ್ಲದೆ ಮನುಷ್ಯ ಏಳಲಾರ. ಡಾಕ್ಟರ್ ಲಾಭ ನಷ್ಟ ತೂಗಿ ಬರೆದಿರುತ್ತಾರೆ. ಮುಂದಿನ ಸಲ ಹೋದಾಗ ನಾಲ್ಕು ಮಾತು ಕೇಳಿ: ಇದಕ್ಕಿಂತ ಕಡಿಮೆ ಡೋಸ್ ಸಾಕಾ? ನೋವು ಇಲ್ಲದ ದಿನ ಬಿಡಬಹುದಾ? ಹೊಟ್ಟೆ ಕಾಯುವ ಗುಳಿಗೆ ಬೇಕಾ? ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಬಿಪಿ ಎಷ್ಟು ತಿಂಗಳಿಗೊಮ್ಮೆ ನೋಡಿಸಬೇಕು? ಭೇದಿ, ವಾಂತಿ ಆಗಿ ನೀರು ಕಡಿಮೆಯಾದ ದಿನ ಮಾತ್ರ ಗುಳಿಗೆ ತಗೊಳ್ಳುವ ಮೊದಲು ಫೋನ್ ಮಾಡಿ ಕೇಳಿ.

"ಗುಳಿಗೆ ತಗೊಂಡ ಮೇಲೆ ಮೈತುಂಬ ಗಂದೆ ಎದ್ದವು. ಇದನ್ನ ಯಾರಿಗೆ ಹೇಳೋದು?"

ಮೊದಲು ಡಾಕ್ಟರಿಗೆ. ತುಟಿ, ಕಣ್ಣು ಬಾತರೆ, ಉಸಿರು ಹಿಡಿದರೆ, ಬಾಯಲ್ಲಿ ಗುಳ್ಳೆ ಎದ್ದು ಚರ್ಮ ಸುಲಿದರೆ ತಡ ಮಾಡದೆ ದೊಡ್ಡ ದವಾಖಾನೆಗೆ. ಆಮೇಲೆ 1800-180-3024ಕ್ಕೆ ಫೋನ್ ಮಾಡಿ ತಿಳಿಸಬಹುದು. ಅದು ಔಷಧಿಯಿಂದ ಆದ ತೊಂದರೆಗಳನ್ನು ದೇಶದ ಮಟ್ಟದಲ್ಲಿ ದಾಖಲಿಸುವ ಉಚಿತ ಸಂಖ್ಯೆ. ಗುಳಿಗೆಯ ಹೆಸರು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಯಾವ ದವಾಖಾನೆಗೆ ಹೋದರೂ ಮೊದಲು ಅದನ್ನೇ ತೋರಿಸಿ.

"ಎತ್ತು ಕುಂಟಾಕತ್ತೈತಿ. ಮನುಷ್ಯಾರ ನೋವಿನ ಸೂಜೀನ ಅದಕ್ಕೂ ಮಾಡಿದ್ರ ನಡೀತದೇನ್ರಿ?"

ಕಾರಹುಣ್ಣಿಮೆ ಹತ್ತಿರ ಬಂದಾಗ ಕೇಳುವ ಪ್ರಶ್ನೆ. ಎತ್ತಿನ ಮೇಲಿನ ಪ್ರೀತಿಗೇ ಕೇಳುತ್ತಾರೆ, ಗೊತ್ತು. ಆದರೆ ಬೇಡ. ಡೈಕ್ಲೋಫೆನಾಕ್ ಕೊಟ್ಟ ದನ ಸತ್ತು, ಅದರ ಮಾಂಸ ತಿಂದ ರಣಹದ್ದುಗಳ ಕಿಡ್ನಿ ಕೆಟ್ಟು ಅವು ರಾಶಿ ರಾಶಿಯಾಗಿ ಸತ್ತವು. 1992ರಿಂದ 2007ರೊಳಗೆ ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ 99 ಶೇಕಡಕ್ಕಿಂತ ಜಾಸ್ತಿ ಇಲ್ಲವಾದವು. ಅದಕ್ಕೇ 2006ರಲ್ಲಿ ದನಗಳಿಗೆ ಡೈಕ್ಲೋಫೆನಾಕ್ ನಿಷೇಧ ಆಯಿತು. ಆದರೂ ಮನುಷ್ಯರ ದೊಡ್ಡ ಬಾಟಲಿ ದನಕ್ಕೆ ಹೋಗುತ್ತಿತ್ತು ಅಂತ 2015ರಲ್ಲಿ ಅದನ್ನು ಒಂದೇ ಸಲಕ್ಕೆ ಆಗುವ 3 ಎಂಎಲ್‌ಗೆ ಇಳಿಸಿದರು. 2023ರಲ್ಲಿ ಅಸೆಕ್ಲೋಫೆನಾಕ್, ಕಿಟೊಪ್ರೊಫೆನ್ ಕೂಡ ದನಗಳಿಗೆ ನಿಷೇಧ ಆದವು. ಹದ್ದುಗಳಿಗೆ ತೊಂದರೆ ಮಾಡದ ಮೆಲಾಕ್ಸಿಕ್ಯಾಂ ಇದೆ, ಎತ್ತಿನ ನೋವಿಗೂ ಅದು ಕೆಲಸ ಮಾಡುತ್ತದೆ. ದನದ ಡಾಕ್ಟರನ್ನು ಕರೆಸಿ ಅದನ್ನೇ ಕೇಳಿ. ಮೊದಲು ಗೊರಸು ಎತ್ತಿ ನೋಡಿ, ಎಷ್ಟೋ ಸಲ ಒಳಗೆ ಜಾಲಿ ಮುಳ್ಳು ಇರುತ್ತದೆ.